ಗೀತಾಳ ಮಶೀನಿಗೆ ಮುಂಗಡ ಕೊಡಬೇಡಿ

ಧಾರಾವಿ, ಮುಂಬೈ

ತೀರ್ಥರೂಪ ಅಪ್ಪನವರಿಗೆ ಮತ್ತು ಅವ್ವನಿಗೆ ಸುಮಾಳ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ.

ನಿಮ್ಮ ಪತ್ರ ಓದಿದಾಗಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ. ಗೀತಾಳಿಗೆ ಹೊಲಿಗೆ ಮಶೀನು ಕೊಡಿಸುವುದಕ್ಕೆ ಅವ್ವನ ಬಿಲ್ವಾರದ ಬಳೆ ಒತ್ತೆ ಇಡಬೇಕೇ? ಬೇಡವೇ ಬೇಡ. ಸೋಮವಾರ ಮುಂಗಡ ಕೊಡುತ್ತೇನೆಂದು ಬರೆದಿದ್ದೀರಿ, ಅದನ್ನೂ ಕೊಡಬೇಡಿ. ಫೋನಿನಲ್ಲಿ ಹೇಳಿದರೆ ನಿಮಗೆ ಅರ್ಧ ಕೇಳಿಸುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಂಗಡಿಗೆ ಹೋಗುವಾಗ ಈ ಕಾಗದ ಕಿಸೆಯಲ್ಲಿರಲಿ.

ನೀವು ಬರೆದ ಆ ಅಂಗಡಿಯವನು ಕಪ್ಪು ಮಶೀನಿಗೆ 14,500 ಹೇಳಿ, ಕಂತಿನಲ್ಲಾದರೆ ತಿಂಗಳಿಗೆ 1,350ರಂತೆ ಹನ್ನೆರಡು ತಿಂಗಳು, ಬಡ್ಡಿಯೇ ಇಲ್ಲ ಎಂದನಲ್ಲ, ಗುಣಿಸಿ ನೋಡಿ. 16,200 ಆಗುತ್ತದೆ. ಬಡ್ಡಿ ಇಲ್ಲವಾದರೆ ಮೇಲಿನ 1,700 ಯಾವುದು? ಅದರ ಮೇಲೆ ಫೈಲ್ ಚಾರ್ಜ್ ಎಂದು 500 ಬೇರೆ. ಒಮ್ಮೆಗೇ ರೊಕ್ಕ ಕೊಟ್ಟವರಿಗೆ ಬಿಡುವ ರಿಯಾಯಿತಿಯೂ ಕಂತಿನ ಗಿರಾಕಿಗೆ ಸಿಗುವುದಿಲ್ಲ. ಇಲ್ಲಿ ನಮ್ಮ ಕಾರ್ಖಾನೆಗೆ ಮಶೀನು ಕೊಡುವವರನ್ನು ವಿಚಾರಿಸಿದೆ. ಅದೇ ಬಗೆಯ ನೇರ ಹೊಲಿಗೆಯ ಮಶೀನಿಗೆ ಸ್ಟ್ಯಾಂಡು, ಹಲಗೆ, ಮೋಟಾರು ಎಲ್ಲ ಸೇರಿ ಹತ್ತು ಸಾವಿರದ ಆಚೀಚೆ ಎಂದರು.

ದರ ಕೇಳುವಾಗ ಇದೇ ಮುಖ್ಯ ಅಪ್ಪ: ಪೂರ್ತಿ ಸೆಟ್ಟಿನ ದರ ಕೇಳಿ. ಅಂಗಡಿಯವರು ಮೊದಲು ಬರೀ ತಲೆಯ, ಅಂದರೆ ಹೊಲಿಯುವ ಮೇಲಿನ ಭಾಗದ, ಬೆಲೆ ಹೇಳುತ್ತಾರೆ. ನಾವು ಒಪ್ಪಿದ ಮೇಲೆ ಕಾಲಿನ ಸ್ಟ್ಯಾಂಡು, ಹಲಗೆ, ಮುಚ್ಚಳ, ಮೋಟಾರು, ಬೆಲ್ಟು, ಟೆಂಪೊ ಬಾಡಿಗೆ ಎಂದು ಒಂದೊಂದಾಗಿ ಏರಿಸುತ್ತಾರೆ. ಮನೆಗೆ ತಂದು ಜೋಡಿಸಿ ಹೊಲಿದು ತೋರಿಸುವವರೆಗೆ ಎಷ್ಟು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಅದೇ ಚೀಟಿ ಹಿಡಿದು ಬಾಗಲಕೋಟೆಯಲ್ಲೂ ಹುಬ್ಬಳ್ಳಿಯಲ್ಲೂ ಅದೇ ಕಂಪನಿ, ಅದೇ ಮಾದರಿಯ ಹೆಸರು ಹೇಳಿ ಕೇಳಿ. ಮಾದರಿ ಬೇರೆಯಾದರೆ ದರ ಹೋಲಿಸಿ ಫಲವಿಲ್ಲ. ಪೆಟ್ಟಿಗೆಯ ಮೇಲಿನ ಎಂಆರ್‌ಪಿ ತೋರಿಸಿ ಇದೇ ಖಾಯಂ ದರ ಎಂದರೆ ನಂಬಬೇಡಿ. ಎಲ್ಲ ತೆರಿಗೆ ಸೇರಿ ಅದಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂಬ ಗಡಿ ಅದು. ಕಡಿಮೆಗೆ ಕೊಡಲು ಯಾರ ಅಡ್ಡಿಯೂ ಇಲ್ಲ, ಕೊಡುತ್ತಾರೆ ಕೂಡ. ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ ಹೊಲಿಗೆ ಯಂತ್ರದ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ತೆರಿಗೆ ಬಿಟ್ಟು ಹತ್ತು ಸಾವಿರದ ಮಾಲಿಗೆ 700 ರೂಪಾಯಿ ಉಳಿಯಬೇಕು. ಹಳೆಯ ದರದ ಪಟ್ಟಿ ತೋರಿಸಿದರೆ ಇದನ್ನು ಹೇಳಿ. ಬಿಲ್ಲು ಬೇಡವೆಂದರೆ ಇನ್ನೂ ಬಿಡುತ್ತೇನೆ ಎಂದರೂ ಒಪ್ಪಬೇಡಿ. ಬಿಲ್ಲಿಲ್ಲದಿದ್ದರೆ ನಾಳೆ ಗ್ಯಾರಂಟಿ ಕೇಳಲು ಬಾಯಿಯೇ ಇರುವುದಿಲ್ಲ. ಮಶೀನಿನ ಮೇಲೆ ಕೆತ್ತಿದ ನಂಬರು ಬಿಲ್ಲಿನಲ್ಲೂ ಗ್ಯಾರಂಟಿ ಕಾರ್ಡಿನಲ್ಲೂ ಇರಲಿ.

ಹೊಸದರ ಬೆಲೆಯಲ್ಲಿ ಸಾವಿರ ಕಳೆಯುತ್ತೇನೆ ಎಂದನೆಂದು ಅಜ್ಜಿಯ ಹಳೆಯ ಮಶೀನನ್ನು ಅವನಿಗೆ ಕೊಡಬೇಡಿ. ವಿನಿಮಯ ಮಾಡಿದರೆ ಎಷ್ಟು, ಮಾಡದಿದ್ದರೆ ಎಷ್ಟು ಎಂದು ಎರಡು ದರ ಕೇಳಿದರೆ ಆ ಸಾವಿರ ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ. ಬೀಡು ಕಬ್ಬಿಣದ ಆ ಮಶೀನು ಎಣ್ಣೆ ಹಾಕಿ ರಿಪೇರಿ ಮಾಡಿಸಿದರೆ ಗೀತಾಳ ಮಕ್ಕಳೂ ಹೊಲಿದಾರು.

ದೊಡ್ಡ ಪವರ್ ಮಶೀನು ಕೊಳ್ಳಿ ಎಂದೂ ಹೇಳಿದನಂತೆ. ನಾನು ದಿನವಿಡೀ ಅದರ ಮೇಲೆಯೇ ಕೂರುತ್ತೇನೆ, ಅದರ ಗುಣ ನನಗೆ ಗೊತ್ತು. ದಿನಕ್ಕೆ ನೂರಾರು ಅಂಗಿ ಹೊಲಿಯುವವರಿಗೆ ಅದು ಸರಿ. ಹಳೆಯ ಕ್ಲಚ್ ಮೋಟಾರಿನದಾದರೆ ಹೊಲಿಯದೆ ಸುಮ್ಮನೆ ಕೂತಾಗಲೂ ಕರೆಂಟು ತಿನ್ನುತ್ತದೆ. ಗೀತಾ ಹೊಲಿಯುವುದು ಕುಪ್ಪಸ, ಲಂಗ, ಸೀರೆಗೆ ಫಾಲ್. ಅವಳಿಗೆ ಕಾಲಿನಿಂದ ತುಳಿಯುವ ಗಟ್ಟಿ ಮಶೀನು, ಅದಕ್ಕೊಂದು ಸಣ್ಣ ಮೋಟಾರು ಸಾಕು. ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ. ಇಪ್ಪತ್ತು ಡಿಸೈನು ಹಾಕುವ ಬಿಳಿಯ ಮಶೀನಿನ ಆಸೆ ಅವಳಿಗಿದೆ, ಬಲ್ಲೆ. ದುಡಿಮೆ ಕುದುರಲಿ, ಅದನ್ನು ನಾನೇ ಕೊಡಿಸುತ್ತೇನೆ.

ಅವಳನ್ನು ಬಿಟ್ಟು ನೀವೊಬ್ಬರೇ ಹೋಗಬೇಡಿ. ಮನೆಯಿಂದಲೇ ಕುಪ್ಪಸದ ಖಣದ ಚೂರು, ರೇಷ್ಮೆಯ ಚೂರು ಒಯ್ಯಲಿ. ಅಂಗಡಿಯ ಗಂಜಿ ಹಾಕಿದ ಬಟ್ಟೆಯ ಮೇಲೆ ಯಾವ ಮಶೀನಾದರೂ ಚೆನ್ನಾಗಿಯೇ ಹೊಲಿಯುತ್ತದೆ. ಖಣವನ್ನು ನಾಲ್ಕು ಮಡಿಕೆ ಮಾಡಿ 14 ನಂಬರಿನ ಸೂಜಿಯಲ್ಲಿ, ರೇಷ್ಮೆಯನ್ನು 11 ನಂಬರಿನ ಸೂಜಿಯಲ್ಲಿ ಹೊಲಿದು ನೋಡಲಿ. ಮೇಲೂ ಕೆಳಗೂ ಹೊಲಿಗೆ ಒಂದೇ ಸಮ ಇರಬೇಕು. ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿದಾಗ ಎಲ್ಲೂ ಹಿಡಿಯಬಾರದು. ಕೆಟ್ಟರೆ ನಮ್ಮ ಗುಳೇದಗುಡ್ಡದವರೆಗೆ ಬಂದು ನೋಡುವವರು ಯಾರು, ಬಂದದ್ದಕ್ಕೆ ಎಷ್ಟು ಎಂದು ಅಲ್ಲೇ ಕೇಳಿ. ನೂರು ರೂಪಾಯಿ ಹೆಚ್ಚಾದರೂ ಮನೆಗೆ ಬರುವ ಮೆಕ್ಯಾನಿಕ್ ಇರುವ ಅಂಗಡಿಯೇ ಇರಲಿ.

ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿಗಳೂ ಇದ್ದಾರೆ, ಸಲಕರಣೆಗೆ 15,000 ರೂಪಾಯಿವರೆಗೆ ಇದೆ. ಸಾಮಾನ್ಯ ಸೇವಾ ಕೇಂದ್ರದಲ್ಲಿ ಗೀತಾ ಕೇಳಿ ಬರಲಿ. ನಡುವೆ ಯಾರಾದರೂ ಮಾಡಿಸಿಕೊಡುತ್ತೇನೆಂದು ರೊಕ್ಕ ಕೇಳಿದರೆ ಕೊಡಬೇಡಿ.

ಮುಂಬೈಯವರು ಮೋಸಗಾರರು ಎನ್ನುವ ಕಾಕಾನಿಗೆ ಹೇಳಿ, ಇಲ್ಲಿ ಚೌಕಾಸಿ ಮಾಡಿದರೆ ಯಾರೂ ಮುಖ ಗಂಟಿಕ್ಕುವುದಿಲ್ಲ. ಚಹಾ ಕೊಟ್ಟು ಕೂರಿಸಿ ದರ ಮಾತಾಡುತ್ತಾರೆ. ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಅಪರಿಚಿತರು ಒಟ್ಟಿಗೆ ಕೂತು ಬಟಾಣಿ ಸುಲಿಯುತ್ತ ಯಾವ ಅಂಗಡಿಯಲ್ಲಿ ಏನು ದರ ಎಂದು ಹೇಳಿಕೊಳ್ಳುತ್ತಾರೆ. ದಾದರ್‌ನಲ್ಲಿ ಈಗ ಖಣದ ಸೀರೆಯನ್ನೇ ಉಡುತ್ತಾರೆ ಅವ್ವಾ! ಇದು ನಮ್ಮ ಊರಿನದು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಗೀತಾ ಕೈ ಕುದುರಿಸಿಕೊಂಡರೆ ಇಲ್ಲಿಂದಲೇ ಕೆಲಸ ಕಳಿಸುತ್ತೇನೆ.

ರೊಕ್ಕದ ಚಿಂತೆ ಬೇಡ. ಗೃಹಲಕ್ಷ್ಮಿಯ ರೊಕ್ಕದಲ್ಲಿ ಅವ್ವ ಉಳಿಸಿದ್ದನ್ನು ಹಾಕಿ, ಮೇಲಿನದನ್ನು ಹತ್ತನೇ ತಾರೀಖಿನೊಳಗೆ ನಾನು ಹಾಕುತ್ತೇನೆ. ನಮಗೇನೂ ತೊಂದರೆಯಿಲ್ಲ, ಸ್ವಲ್ಪವೂ ಇಲ್ಲ. ಇವರಿಗೆ ಕೆಲಸ ಚೆನ್ನಾಗಿ ನಡೆದಿದೆ, ನನ್ನ ಬೆನ್ನುನೋವು ಪೂರ್ತಿ ಹೋಗಿದೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೇನೆ, ಮಕ್ಕಳು ದಪ್ಪಗಾಗಿದ್ದಾರೆ. ಬಿಲ್ವಾರ ಅವ್ವನ ಕೈಯಲ್ಲೇ ಇರಲಿ.

ನಲ್ಲಿಗೆ ನೀರು ಬಂತು, ಬಿಟ್ಟರೆ ನಾಳೆಯವರೆಗೆ ಇಲ್ಲ. ಗೀತಾಳಿಗೆ ಆಶೀರ್ವಾದ. ಅಂಗಡಿಯೊಳಗಿಂದಲೇ ಫೋನು ಮಾಡಿ.

ನಿಮ್ಮ ಮಗಳು,
ಸುಮಾ