ಕೆ.ಆರ್. ಮಾರುಕಟ್ಟೆಯ ಹೂವಿನ ಅಮ್ಮನಿಗೆ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ನನ್ನನ್ನು ಕೂರಿಸಿಕೊಂಡ ಅಮ್ಮಾ, ನಿಮ್ಮ ಹೆಸರೂ ಕೇಳಲಿಲ್ಲ ನಾನು.

ಗದ್ದಲ, ಹಾರ್ನ್, ವಾಸನೆ ಎಲ್ಲವೂ ಚಿಕ್ಕಂದಿನಿಂದ ನನಗೆ ಬೇರೆಯವರಿಗಿಂತ ಜಾಸ್ತಿ ತಾಗುತ್ತವೆ. ಅವತ್ತು ಮೈಯೆಲ್ಲ ಬೆವರು, ಯಾವ ಕಡೆ ಹೋಗಬೇಕೆಂದೇ ತೋಚಲಿಲ್ಲ. ನೀವು ಕೈ ಹಿಡಿದು ಬುಟ್ಟಿಗಳ ಹಿಂದೆ ಗೋಣಿಚೀಲದ ಮೇಲೆ ಕೂರಿಸಿದಿರಿ. "ಏನೂ ಮಾತಾಡ್ಬೇಡ ಕಣವ್ವ, ಸುಮ್ನೆ ನನ್ನ ಕೈ ನೋಡ್ತಿರು" ಅಂದಿರಿ.

ನೋಡಿದೆ. ಈ ಕಡೆ ಎರಡು ಮೊಗ್ಗು, ಆ ಕಡೆ ಎರಡು, ಒದ್ದೆ ಬಾಳೆನಾರಿನ ಒಂದು ಸುತ್ತು, ಗಂಟು. ಒಂದು ಮಾರು ಮುಗಿಯುವಷ್ಟರಲ್ಲಿ ಉಸಿರು ಹತೋಟಿಗೆ ಬಂತು. ಏನಾಯ್ತು ಅಂತ ನೀವು ಒಮ್ಮೆಯೂ ಕೇಳಲಿಲ್ಲ. ಅದೇ ದೊಡ್ಡ ಉಪಕಾರ. ಈಗ ರಶ್ ಇದ್ದಲ್ಲೆಲ್ಲ ಗೋಡೆ ಬದಿಗೆ ನಿಂತು, ಕೆಲಸ ಮಾಡುವವರ ಕೈ ನೋಡುತ್ತೇನೆ. ತುಂಬಾ ಥ್ಯಾಂಕ್ಸ್ ಅಮ್ಮಾ.