ಗಿಡ್ಡಕಿವಿ ಗೂಬೆಯ ಹುಲ್ಲಿಗೆ ಜೀಪು ಇಳಿಸುವುದನ್ನು ನಿಲ್ಲಿಸಿ: ಅರಣ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರೇ,

ನವೆಂಬರಿನಿಂದ ಮಾರ್ಚ್‌ವರೆಗೆ ರಾಜ್ಯದ ಹುಲ್ಲುಗಾವಲುಗಳಲ್ಲಿ ಗಾಡಿದಾರಿ ಬಿಟ್ಟು ಒಂದು ವಾಹನವೂ ಇಳಿಯಬಾರದು. ಕೇಳುತ್ತಿರುವುದು ಇಷ್ಟೇ. ಅರ್ಜಿ ಕೊಟ್ಟು, ಸ್ವೀಕೃತಿ ಚೀಟಿ ಇಟ್ಟುಕೊಂಡು ಕಾದದ್ದು ಸಾಕಾಗಿ ಎಲ್ಲರೆದುರು ಬರೆಯಬೇಕಾಯಿತು.

ಗಿಡ್ಡಕಿವಿ ಗೂಬೆ ಉತ್ತರದ ಶೀತನಾಡುಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಹೆಸರಘಟ್ಟದಂಥ ಬಯಲುಗಳಿಗೆ ಬರುವ ಅಪರೂಪದ ಅತಿಥಿ. ಉದ್ದ 35ರಿಂದ 40 ಸೆಂ.ಮೀ., ತೂಕ ಅರ್ಧ ಕಿಲೋಗೂ ಕಡಿಮೆ. ಅದಕ್ಕೆ ಮರದ ಪೊಟರೆ ಬೇಡ. ಹಗಲು ನೆಲದ ಮೇಲೆಯೇ, ಹುಲ್ಲಿನ ಬುಡದಲ್ಲಿ ಅಡಗಿ ಕೂರುತ್ತದೆ. ಇಳಿಹೊತ್ತಿಗೆ ಎದ್ದು, ಹುಲ್ಲಿನ ನೆತ್ತಿ ಸವರುವಂತೆ ಹಾರಿ ಇಲಿ ಹಿಡಿಯುತ್ತದೆ. ಮೈಬಣ್ಣ ಒಣಹುಲ್ಲಿನದೇ. ಕೂತಲ್ಲಿ ಕಾಣುವುದಿಲ್ಲ.

ಕಾಣದ ಹಕ್ಕಿಯನ್ನು ಎಬ್ಬಿಸಿ ಫೋಟೊ ತೆಗೆಯಲು ಛಾಯಾಗ್ರಾಹಕರು ಎರಡು ಮೂರು ಜೀಪುಗಳನ್ನು ಸಾಲು ಹಿಡಿಸಿ, ಹೊಲ ಉಳುವ ಹಾಗೆ ಹುಲ್ಲಿನ ಮೇಲೆ ಹಾಯಿಸುತ್ತಾರೆ. ಎದ್ದ ಗೂಬೆ ಎಲ್ಲಿ ಇಳಿಯಿತೋ ಅಲ್ಲಿಗೆ ಮತ್ತೆ ಜೀಪು. ನಡುಹಗಲಲ್ಲಿ ಬಯಲಿಗೆ ಬಿದ್ದ ಗೂಬೆಯನ್ನು ಕಾಗೆ, ಹದ್ದುಗಳು ಅಟ್ಟಾಡಿಸುತ್ತವೆ. ಸಂಜೆಯ ಬೇಟೆಗೆ ಬೇಕಾದ ಶಕ್ತಿ ಅಲ್ಲೇ ಖರ್ಚಾಗುತ್ತದೆ. ಇಲಿಯ ಕಾಲಿಗೆ ದಾರ ಕಟ್ಟಿ ಕ್ಯಾಮೆರಾ ಮುಂದೆ ಬಿಡುವವರೂ ಇದ್ದಾರೆ. ಇದನ್ನು ಪಕ್ಷಿಪ್ರೇಮ ಎನ್ನುತ್ತಾರೆ, ಸ್ವಾಮಿ! 1972ರ ವನ್ಯಜೀವಿ ಕಾಯ್ದೆಯ 2(16)ನೇ ಕಲಂ ಬೇಟೆಯ ಅರ್ಥದಲ್ಲಿ ಅಟ್ಟುವುದನ್ನೂ ಆಮಿಷ ಒಡ್ಡುವುದನ್ನೂ ಸೇರಿಸಿದೆ. ತಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಾಗಿದ್ದರೆ ತಡೆಯುವವರು ಯಾರು?

ಚಕ್ರ ಹಾದಲ್ಲಿ ಮಣ್ಣು ಗಟ್ಟಿಯಾಗಿ ಇಲಿಬಿಲ ಕುಸಿಯುತ್ತದೆ. ಮಳೆಗಾಲದಲ್ಲಿ ಆ ಜಾಡಿನಲ್ಲೇ ನೀರು ಹರಿದು ಕೊರಕಲಾಗುತ್ತದೆ. ಮುಂದಿನ ವರ್ಷ ಅದನ್ನೇ ದಾರಿ ಎಂದುಕೊಂಡು ಇನ್ನಷ್ಟು ಗಾಡಿಗಳು ಬರುತ್ತವೆ.

ತಡೆಯುವುದು ಕಷ್ಟದ ಕೆಲಸವಲ್ಲ. ಗಾಡಿದಾರಿಯ ಎರಡೂ ಅಂಚಿಗೆ ದಪ್ಪ ಕಲ್ಲು ನೆಡಿಸಿ, ಕಲ್ಲಿನಿಂದ ಕಲ್ಲಿಗೆ ನಾಲ್ಕಡಿ ಬಿಡಿ. ದನ, ಕುರಿ ನುಸುಳುತ್ತವೆ, ಜೀಪು ನುಗ್ಗದು. ಒಂದೂವರೆ ಅಡಿಯಾದರೂ ಹೂಳಿಸಿ, ಇಲ್ಲವಾದರೆ ಕಲ್ಲು ಉರುಳಿಸಿಕೊಂಡು ಹೋಗುತ್ತಾರೆ. ಬೈಕಿಗೆ ಕಲ್ಲು ಸಾಲದು. ಮಧ್ಯಾಹ್ನ ಮೂರರಿಂದ ಕತ್ತಲಾಗುವವರೆಗೆ ಒಬ್ಬ ವಾಚರ್ ಬೇಕು. ಜೆಸಿಬಿ ತಂದು ಟ್ರೆಂಚ್ ಹೊಡೆಸಬೇಡಿ, ಹುಲ್ಲಿನ ಬೇರು ಕಿತ್ತ ಕಡೆ ಕಳೆ ಮೊದಲು ಹಬ್ಬುತ್ತದೆ. ಬಯಲು ಖಾಲಿ ಇದೆಯೆಂದು ಸಸಿಯನ್ನಂತೂ ನೆಡಿಸಲೇಬೇಡಿ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಹುಲ್ಲಿನಲ್ಲಿ ನೀಲಗಿರಿ ಬೆಳೆಸಿದ್ದು, ಅಲ್ಲಿದ್ದ ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಇಲ್ಲವಾದದ್ದು ಇಲಾಖೆಗೆ ತಿಳಿಯದ ಸಂಗತಿಯಲ್ಲ.

ಈ ನವೆಂಬರಿಗೆ ಮುಂಚೆ ಆದೇಶ ಹೊರಡಿಸಿ. ಹುಲ್ಲಿಗೆ ವಾಹನ ಇಳಿಸಿದವರ ಮೇಲೆ, ಅವರ ಕ್ಯಾಮೆರಾ ಎಷ್ಟೇ ದೊಡ್ಡದಿರಲಿ, ಪ್ರಕರಣ ದಾಖಲಿಸಿ. ಸ್ವೀಕೃತಿ ಚೀಟಿ ಇನ್ನು ಬೇಡ, ಆದೇಶದ ಪ್ರತಿ ಕೊಡಿ.

ಇಂತಿ,
ಹುಲ್ಲುಗಾವಲಿನ ಹಕ್ಕಿಗಳ ಪರವಾಗಿ ನಾಗರಿಕರು