ನೆಲ ಡೊಂಕಾಗಿಯೇ ಇತ್ತು

ಸಂಪಾದಕರೇ,

ಕಳೆದ ವಾರದ ಓದುಗರ ಪತ್ರಗಳಲ್ಲಿ ಮಿಲ್ವಾಕಿಯಿಂದ ಬಂದ ಪತ್ರವೊಂದನ್ನು ಓದಿದೆ. ಶಿಕಾಗೊ ಬೇರ್ಸ್ ಎಂಬ ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಆಟಗಾರರನ್ನು ಆರಿಸುವ ಕಣ್ಣೇ ಇಲ್ಲವಂತೆ. ಪ್ರತಿ ಸಲವೂ ತಪ್ಪು ಕ್ವಾರ್ಟರ್‌ಬ್ಯಾಕನ್ನು (ಚೆಂಡು ಎಸೆಯುವ ಮುಖ್ಯ ಆಟಗಾರನನ್ನು) ತಂದು, ಆಮೇಲೆ ಲೈನ್ ಸರಿಯಿಲ್ಲ, ಕೋಚ್ ಸರಿಯಿಲ್ಲ ಅಂತ ಗೊಣಗುತ್ತಾರಂತೆ. ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂಬ ಗಾದೆಯೊಂದಿಗೆ ಪತ್ರ ಮುಗಿದಿತ್ತು.

ಪತ್ರ ಬರೆದವನು ನನ್ನ ಮೈದುನ. ಹೆಸರು ಹಾಕದೆ ‘ಪ್ಯಾಕರ್ಸ್ ಅಭಿಮಾನಿ’ (ಪ್ಯಾಕರ್ಸ್ ಅಂದರೆ ನಮ್ಮ ಬದ್ಧ ಎದುರಾಳಿ, ಗ್ರೀನ್ ಬೇ ಊರಿನ ತಂಡ) ಅಂತ ಸಹಿ ಮಾಡಿದ್ದರೂ ಆ ಗಾದೆಯೇ ಅವನನ್ನು ಹಿಡಿದುಕೊಟ್ಟಿತು. ಕಳೆದ ಥ್ಯಾಂಕ್ಸ್‌ಗಿವಿಂಗ್ ದಿನ ನಮ್ಮ ಮನೆಯ ಸೋಫಾದ ಮೇಲೆ ಕೂತು ಅದನ್ನೇ ಮೂರು ಸಲ ಹೇಳಿದ್ದ. ಫೋನ್ ಮಾಡಿ ಬೈಯಬಹುದಿತ್ತು. ಆದರೆ ಅವನು ಹತ್ತು ಜನ ಓದುವ ಜಾಗದಲ್ಲಿ ಬರೆದಿದ್ದಾನೆ, ಉತ್ತರವೂ ಅಲ್ಲಿಯೇ ಬರಲಿ.

ನಾನು ಶಿಕಾಗೊದ ಪಶ್ಚಿಮಕ್ಕಿರುವ ನೇಪರ್‌ವಿಲ್‌ನಲ್ಲಿದ್ದೇನೆ. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಾತ್ರಿ ಪಾಳಿ. ಸೂಕ್ಷ್ಮದರ್ಶಕದ ಕೆಳಗೆ ರಕ್ತಕಣ ಎಣಿಸುವುದು ಎಷ್ಟೋ ವರ್ಷಗಳ ಕೆಲಸವಾದ್ದರಿಂದ ಎಣಿಸುವ ಚಟ ಕೈಗಂಟಿಕೊಂಡಿದೆ. ಬೇರ್ಸ್ ಪಂದ್ಯ ನೋಡುವಾಗಲೂ ಪಕ್ಕದಲ್ಲೊಂದು ನೋಟ್‌ಬುಕ್ ಇರುತ್ತದೆ. ನಮ್ಮ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮುಂಚೆಯೇ ಎದುರಾಳಿ ಅವನನ್ನು ನೆಲಕ್ಕೆ ಕೆಡವಿದರೆ ಅದು ಸ್ಯಾಕ್. ಪ್ರತಿ ಸ್ಯಾಕ್‌ಗೂ ಒಂದು ಗೀಟು. 2024ರ ಸೀಸನ್ ಮುಗಿದಾಗ ಕೇಲಬ್ ವಿಲಿಯಮ್ಸ್ ಹೆಸರಿನ ಕೆಳಗೆ 68 ಗೀಟುಗಳಿದ್ದವು. ಹದಿನೇಳು ಪಂದ್ಯಗಳಿಗೆ 68, ಅಂದರೆ ಪಂದ್ಯಕ್ಕೆ ನಾಲ್ಕು. ಆಗಷ್ಟೇ ಇಪ್ಪತ್ಮೂರು ತುಂಬಿದ್ದ ಹುಡುಗ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಚೆಂಡು ಕೈಯಲ್ಲಿರುವ ತಂಡ ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್, ಅವನ ಮುಂದೆ ಗೋಡೆಯಂತೆ ನಿಲ್ಲುವ ಐದು ಜನ ದೈತ್ಯರು ಅಫೆನ್ಸಿವ್ ಲೈನ್. ಟಿವಿ ಯಾವತ್ತೂ ತೋರಿಸುವುದು ಎಸೆಯುವವನನ್ನು ಮತ್ತು ಅದನ್ನು ಹಿಡಿಯುವ ರಿಸೀವರನ್ನು. ಗೋಡೆ ಕುಸಿದಾಗ ಮಾತ್ರ ಗೋಡೆಯ ಸುದ್ದಿ ಬರುತ್ತದೆ. ಇನ್ನು ಡ್ರಾಫ್ಟ್ ಅಂದರೆ ಕಾಲೇಜು ಆಟಗಾರರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುವ ಕ್ರಮ. ಐಪಿಎಲ್ ಹರಾಜಿನ ಹಾಗೆ ದುಡ್ಡಿದ್ದವರು ಕೂಗಿ ಕೊಳ್ಳುವಂತಿಲ್ಲ. ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮೊದಲ ಸರದಿ, ಸೂಪರ್ ಬೌಲ್ ಎಂಬ ಫೈನಲ್ ಗೆದ್ದವರಿಗೆ ಕೊನೆಯದು. ಬೇಕಿದ್ದರೆ ಸರದಿಯನ್ನೇ ವಿನಿಮಯ ಮಾಡಿಕೊಳ್ಳಬಹುದು. ಮನೆಗಳಲ್ಲಿ ಜಗಳ ಹತ್ತುವುದು ಅಲ್ಲಿಂದಲೇ.

ಮೈದುನನ ಮೊದಲ ಅಸ್ತ್ರ 2017. ಅದನ್ನು ಒಪ್ಪಿಬಿಡುತ್ತೇನೆ. ಆ ವರ್ಷ ನಮ್ಮದು ಮೂರನೇ ಸರದಿ. ಒಂದೇ ಒಂದು ಮೆಟ್ಟಿಲು ಮೇಲೇರಿ ಎರಡನೆಯವರಾಗಲು ಸ್ಯಾನ್ ಫ್ರಾನ್ಸಿಸ್ಕೊಗೆ ನಾಲ್ಕು ಸರದಿಗಳನ್ನು ಧಾರೆ ಎರೆದು ಮಿಚೆಲ್ ಟ್ರುಬಿಸ್ಕಿಯನ್ನು ತಂದೆವು. ಕಾಲೇಜಿನಲ್ಲಿ ಆತ ಆರಂಭಿಕ ಆಟಗಾರನಾಗಿ ಆಡಿದ್ದೇ ಹದಿಮೂರು ಪಂದ್ಯ. ಹತ್ತನೇ ಸರದಿಯಲ್ಲಿ ಕ್ಯಾನ್ಸಸ್ ಸಿಟಿಯವರು, ಮುಂದೆ ದೊಡ್ಡ ಹೆಸರಾದ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ನನ್ನು ಎತ್ತಿಕೊಂಡರು. 2019ರ ಡಿಸೆಂಬರ್‌ನಲ್ಲಿ ಮಹೋಮ್ಸ್ ಶಿಕಾಗೊದ ಸೋಲ್ಜರ್ ಫೀಲ್ಡ್‌ಗೇ ಬಂದು, ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಹೊಡೆಸಿ, ಬೆರಳು ಮಡಿಸಿ ಒಂದರಿಂದ ಹತ್ತರವರೆಗೆ ಎಣಿಸಿ ತೋರಿಸಿದ. ಎಣಿಸುವುದನ್ನೇ ಕಸುಬು ಮಾಡಿಕೊಂಡಿರುವ ನನಗೆ ಅಷ್ಟು ನೋವು ಕೊಟ್ಟ ಎಣಿಕೆ ಮತ್ತೊಂದಿಲ್ಲ.

ಆದರೆ ಮೈದುನ ಬಿಟ್ಟುಬಿಟ್ಟ ಸಂಗತಿಯೊಂದಿದೆ. ಅದೇ ಮಹೋಮ್ಸ್ ಮೊದಲ ವರ್ಷ ಆಡಿದ್ದು ಕೊನೆಯ ಒಂದು ಪಂದ್ಯ. ಉಳಿದಷ್ಟೂ ದಿನ ಹಿರಿಯ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್ ಹಿಂದೆ ನಿಂತು, ಆಂಡಿ ರೀಡ್‌ರಂಥ ಕೋಚ್ ಹತ್ತಿರ ಪಾಠ ಕಲಿತ. ನಮ್ಮ ಟ್ರುಬಿಸ್ಕಿಯನ್ನು ಐದನೇ ಪಂದ್ಯಕ್ಕೇ ಕಣಕ್ಕೆ ದೂಡಿದರು. ವರ್ಷ ಮುಗಿಯುತ್ತಿದ್ದಂತೆ ಕೋಚ್ ಬದಲು, ಯೋಜನೆ ಬದಲು. ಮಹೋಮ್ಸ್ ಶಿಕಾಗೊಗೆ ಬಂದಿದ್ದರೆ ಮಹೋಮ್ಸ್ ಆಗುತ್ತಿದ್ದನೇ? ನನಗೆ ಅನುಮಾನ. ನಮ್ಮವರು ಅವನನ್ನೂ ಕೆಡಿಸುತ್ತಿದ್ದರು ಅಂತ ಬೇರ್ಸ್ ಅಭಿಮಾನಿಯಾದ ನಾನೇ ಹೇಳುತ್ತಿದ್ದೇನೆ. ಮೈದುನ ಈ ವಾಕ್ಯವನ್ನು ಕತ್ತರಿಸಿ ಇಟ್ಟುಕೊಳ್ಳಲಿ.

2021ರಲ್ಲಿ ಜಸ್ಟಿನ್ ಫೀಲ್ಡ್ಸ್. ಇಪ್ಪತ್ತನೇ ಸರದಿಯಿಂದ ಹನ್ನೊಂದಕ್ಕೆ ಏರಿ ತಂದೆವು. ಆ ರಾತ್ರಿ ನಾನು ಲ್ಯಾಬಿನಲ್ಲಿ ಕುಣಿದಿದ್ದೆ. ಆರಂಭಿಕನಾಗಿ ಅವನ ಮೊದಲ ಪಂದ್ಯ ಕ್ಲೀವ್‌ಲ್ಯಾಂಡ್‌ನಲ್ಲಿ. ಒಂಬತ್ತು ಸ್ಯಾಕ್. ಆ ಇಡೀ ಪಂದ್ಯದಲ್ಲಿ ಬೇರ್ಸ್ ಗಳಿಸಿದ್ದು ಒಟ್ಟು 47 ಗಜ. ಸ್ಯಾಕ್‌ಗಳಲ್ಲಿ ಕಳೆದುಕೊಂಡದ್ದನ್ನು ಕಳೆದರೆ ಪಾಸ್ ಆಟದಿಂದ ಉಳಿದದ್ದು ಒಂದು ಗಜ. ಮುದ್ರಣದೋಷವಲ್ಲ, ಒಂದೇ ಗಜ. ಮುಂದಿನ ವರ್ಷ ಅದೇ ಹುಡುಗ 1,143 ಗಜ ಓಡಿದ. ಕ್ವಾರ್ಟರ್‌ಬ್ಯಾಕ್ ಅಷ್ಟು ಓಡಿದನೆಂದರೆ ಊರೆಲ್ಲ ಚಪ್ಪಾಳೆ ತಟ್ಟುತ್ತದೆ. ಅದರಲ್ಲಿ ಎಷ್ಟು ಓಟ ಯೋಜನೆಯದು, ಎಷ್ಟು ಓಟ ಪ್ರಾಣಭಯದ್ದು ಅನ್ನುವುದು ನನ್ನ ನೋಟ್‌ಬುಕ್‌ಗೆ ಗೊತ್ತು. ಆ ವರ್ಷದ ಗೀಟು 55. ಅವನಿಗೆ ಎರಡು ವರ್ಷ ಆಟದ ಯೋಜನೆ ಹೆಣೆದುಕೊಟ್ಟ ಲೂಕ್ ಗೆಟ್ಸಿ ನಮ್ಮಲ್ಲಿಗೆ ಬಂದದ್ದು ಎಲ್ಲಿಂದ ಮಹಾರಾಯ? ನಿಮ್ಮ ಗ್ರೀನ್ ಬೇಯಿಂದ! ಕೊನೆಗೆ 2024ರ ಮಾರ್ಚ್‌ನಲ್ಲಿ ಫೀಲ್ಡ್ಸ್‌ನನ್ನು ಪಿಟ್ಸ್‌ಬರ್ಗ್‌ಗೆ ಕೊಟ್ಟು ಪಡೆದದ್ದು ಷರತ್ತಿನ ಒಂದು ಆರನೇ ಸುತ್ತಿನ ಸರದಿ.

ಈಗ ಗ್ರೀನ್ ಬೇಯ ದಿವ್ಯದೃಷ್ಟಿಯ ಬಗ್ಗೆ. ಬ್ರೆಟ್ ಫಾವ್, ಆರನ್ ರಾಜರ್ಸ್, ಜಾರ್ಡನ್ ಲವ್: ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕ್ವಾರ್ಟರ್‌ಬ್ಯಾಕ್ ಕುರ್ಚಿಗೆ ಮೂರೇ ಹೆಸರು. ನಿಜ, ಹೊಟ್ಟೆಕಿಚ್ಚೂ ನಿಜ. ಆದರೆ 2005ರಲ್ಲಿ ಆರಿಸಿದ ರಾಜರ್ಸ್‌ಗೆ ಆರಂಭಿಕ ಸ್ಥಾನ ಸಿಕ್ಕಿದ್ದು 2008ರಲ್ಲಿ. 2020ರಲ್ಲಿ ಆರಿಸಿದ ಲವ್‌ಗೆ 2023ರಲ್ಲಿ. ಇಬ್ಬರೂ ಮೂರು ಮೂರು ವರ್ಷ ಬೆಂಚಿನ ಮೇಲೆ ಕೂತು, ತಮಗಿಂತ ದೊಡ್ಡವನ ಆಟ ನೋಡುತ್ತ ಬೆಳೆದರು. ಮಾವಿನಕಾಯಿಯನ್ನು ಹುಲ್ಲಲ್ಲಿ ಮುಚ್ಚಿಟ್ಟು ಕಾಯುವುದು ಅವರಿಗೆ ಗೊತ್ತು. ನಮ್ಮವರು ಕಿತ್ತ ದಿನವೇ ಕಚ್ಚಿ, ಹುಳಿ ಅಂತ ಉಗಿಯುತ್ತಾರೆ.

ಅಂದಹಾಗೆ 2020ರ ಏಪ್ರಿಲ್‌ನಲ್ಲಿ ಲವ್‌ನನ್ನು ಆರಿಸಿದ ರಾತ್ರಿ ಈ ಮೈದುನ ಫೋನ್ ಮಾಡಿ ಆಡಿದ ಮಾತುಗಳನ್ನು ಪತ್ರಿಕೆಯಲ್ಲಿ ಬರೆಯುವಂತಿಲ್ಲ. ‘ರಾಜರ್ಸ್‌ಗೆ ಒಬ್ಬ ರಿಸೀವರ್ ತರೋದು ಬಿಟ್ಟು ಅವನ ಕುರ್ಚಿಗೇ ಕೈ ಹಾಕಿದಾರೆ, ಇವರಿಗೆ ತಲೆ ಕೆಟ್ಟಿದೆ’ ಅನ್ನುವುದು ಅದರ ಸಾರಾಂಶ. ಈಗ ಅದೇ ಲವ್ ಹೆಸರಿನ ಅಂಗಿ ತೊಟ್ಟು ನಮ್ಮ ಮನೆಗೆ ಬರುತ್ತಾನೆ. ಆರಿಸುವ ಕಣ್ಣು ಅಂದೆಯಲ್ಲಪ್ಪ, ಆ ರಾತ್ರಿ ನಿನ್ನ ಕಣ್ಣು ಎಲ್ಲಿತ್ತು?

ಇನ್ನೂ ಹಿಂದೆ ಹೋಗೋಣ ಅಂದರೆ 1989 ಇದೆ. ಎರಡನೇ ಸರದಿಯಲ್ಲಿ ಪ್ಯಾಕರ್ಸ್ ತಂದದ್ದು ಟೋನಿ ಮ್ಯಾಂಡರಿಚ್ ಎಂಬ ಲೈನ್ ಆಟಗಾರನನ್ನು. ಅವನ ಮುಂದಿನ ಸರದಿಯಲ್ಲಿ ಹೋದವನು ಬ್ಯಾರಿ ಸ್ಯಾಂಡರ್ಸ್, ಅದರ ಮುಂದೆ ಡೆರಿಕ್ ಥಾಮಸ್, ಆಮೇಲೆ ಡಿಯಾನ್ ಸ್ಯಾಂಡರ್ಸ್. ಮೊದಲ ಐವರಲ್ಲಿ ನಾಲ್ವರು ಇವತ್ತು ಆಟದ ಶ್ರೇಷ್ಠರ ಸಾಲಾದ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಅಲ್ಲಿಲ್ಲದ ಆ ಒಬ್ಬನು ಯಾರೆಂದು ಮಿಲ್ವಾಕಿಯವರನ್ನು ಕೇಳಿ.

ಅವನ ಪತ್ರದ ಚೂಪಾದ ಮೊನೆ ಮಾತ್ರ ಕೇಲಬ್ ವಿಲಿಯಮ್ಸ್ ಮೇಲಿದೆ. 2024ರಲ್ಲಿ ಮೊದಲ ಸರದಿ ನಮ್ಮದು, ನಾವು ಕೇಲಬ್‌ನನ್ನು ತಂದೆವು. ಎರಡನೆಯದರಲ್ಲಿ ವಾಷಿಂಗ್ಟನ್ ಜೇಡನ್ ಡೇನಿಯಲ್ಸ್‌ನನ್ನು ಆರಿಸಿತು. ಡೇನಿಯಲ್ಸ್ 12 ಪಂದ್ಯ ಗೆದ್ದ ತಂಡವನ್ನು ಸೂಪರ್ ಬೌಲ್‌ನ ಹೊಸ್ತಿಲವರೆಗೆ ಒಯ್ದ. ನಾವು ಗೆದ್ದದ್ದು ಐದು, ಸೋತದ್ದು ಹನ್ನೆರಡು. ಅಕ್ಟೋಬರ್‌ನಲ್ಲಿ ಇಬ್ಬರೂ ಎದುರುಬದುರಾದಾಗ, ಕೊನೆಯ ಎಸೆತ ಯಾರದೋ ಕೈಗೆ ತಗುಲಿ ಇನ್ಯಾರದೋ ಕೈಗೆ ಬಿದ್ದು 18-15ರಲ್ಲಿ ಸೋತೆವು. ಕೈ ತಗುಲಿಸಿದವನು ನಮ್ಮವನೇ. ಚೆಂಡು ಆಟದಲ್ಲಿದ್ದಾಗಲೂ ಪ್ರೇಕ್ಷಕರ ಕಡೆ ತಿರುಗಿ ಅವರನ್ನು ಕೆಣಕುತ್ತ ನಿಂತಿದ್ದ. ಆ ದಿನದಿಂದ ತಂಡದ ಬೆನ್ನುಮೂಳೆ ಮುರಿಯಿತು.

ಮುಂದಿನ ಎರಡು ಪಂದ್ಯಗಳಲ್ಲಿ ಒಂದೂ ಟಚ್‌ಡೌನ್ ಇಲ್ಲ. ನ್ಯೂ ಇಂಗ್ಲೆಂಡ್ ವಿರುದ್ಧ ಮತ್ತೆ ಒಂಬತ್ತು ಗೀಟು. ಚೆಂಡು ನಮ್ಮ ಕೈಯಲ್ಲಿದ್ದಾಗಿನ ಆಟ ಹೆಣೆಯುವ ಅಫೆನ್ಸ್ ಕೋಆರ್ಡಿನೇಟರ್ ಶೇನ್ ವಾಲ್ಡ್ರನ್‌ರನ್ನು ಮನೆಗೆ ಕಳಿಸಿದರು. ಅವರ ಜಾಗಕ್ಕೆ ಥಾಮಸ್ ಬ್ರೌನ್. ಥ್ಯಾಂಕ್ಸ್‌ಗಿವಿಂಗ್ ದಿನ ಡೆಟ್ರಾಯಿಟ್‌ನಲ್ಲಿ 23-20 ಹಿನ್ನಡೆ, ಮೂವತ್ತು ಚಿಲ್ಲರೆ ಸೆಕೆಂಡ್ ಉಳಿದಿದೆ, ಗಡಿಯಾರ ನಿಲ್ಲಿಸಲು ಕೈಯಲ್ಲೊಂದು ಟೈಮ್‌ಔಟ್ ಇದೆ. ಕೇಲಬ್ ಸ್ಯಾಕ್ ಆದ. ಟೈಮ್‌ಔಟ್ ಕೂಗಬೇಕಾದ ಹೆಡ್ ಕೋಚ್ ಕೂಗಲಿಲ್ಲ. ಗಡಿಯಾರ ಓಡುತ್ತಲೇ ಇತ್ತು. ನಾನು ಕೈಯಲ್ಲಿ ಸೌಟು ಹಿಡಿದು ಟಿವಿ ಮುಂದೆ ನಿಂತು ‘ಟೈಮ್‌ಔಟ್! ಟೈಮ್‌ಔಟ್!’ ಅಂತ ಕಿರುಚುತ್ತಿದ್ದೆ. ಸೋಫಾದಿಂದ ಆ ಗಾದೆ ಮೊದಲ ಸಲ ಬಂದದ್ದು ಆಗ. ಮರುದಿನ ಹೆಡ್ ಕೋಚ್ ಮ್ಯಾಟ್ ಎಬರ್‌ಫ್ಲೂಸ್ ಕೆಲಸ ಹೋಯಿತು. ಸೀಸನ್ ನಡುವೆ ಹೆಡ್ ಕೋಚ್‌ನನ್ನು ತೆಗೆದದ್ದು ಬೇರ್ಸ್ ಇತಿಹಾಸದಲ್ಲೇ ಮೊದಲು. ಆ ಜಾಗಕ್ಕೂ ಅದೇ ಥಾಮಸ್ ಬ್ರೌನ್.

ಮೊದಲ ವರ್ಷದ ಹುಡುಗನಿಗೆ ಒಂದೇ ಸೀಸನ್ನಿನಲ್ಲಿ ಪಾಠದ ಪುಸ್ತಕವನ್ನೂ ಮೇಷ್ಟರನ್ನೂ ಬದಲಿಸಿ, ಪಂದ್ಯಕ್ಕೆ ನಾಲ್ಕು ಸಲ ನೆಲಕ್ಕೆ ಕೆಡವಿಸಿ, ಆಮೇಲೆ ಅಂಕಪಟ್ಟಿ ಕೇಳಿದರೆ ಹೇಗೆ? ಕೇಳಿದರೂ ಅಂಕ ಅಷ್ಟೇನೂ ಕೆಟ್ಟಿಲ್ಲ: 3,541 ಗಜ, 20 ಟಚ್‌ಡೌನ್, ಎದುರಾಳಿ ಕೈಗೆ ಕೊಟ್ಟ ಚೆಂಡು ಆರೇ ಆರು. ಒಂದು ಸೀಸನ್ನಿನಲ್ಲಿ 4,000 ಗಜ ಎಸೆದ ಒಬ್ಬನೂ ಇಲ್ಲದ ತಂಡ ನಮ್ಮದು. 1995ರಲ್ಲಿ ಎರಿಕ್ ಕ್ರೇಮರ್ ಎಸೆದ 3,838 ಗಜವೇ 2024ರ ಸೀಸನ್ ಮುಗಿಯುವವರೆಗೂ ದಾಖಲೆಯಾಗಿತ್ತು. ಅಂಥ ಮನೆಯಲ್ಲಿ ಈ ಹುಡುಗ ಮೊದಲ ವರ್ಷವೇ ಇಷ್ಟು ಮಾಡಿದ. 68ರಲ್ಲಿ ಕೆಲವು ಅವನದೇ ತಪ್ಪು, ಚೆಂಡನ್ನು ಬಿಡದೆ ಹಿಡಿದುಕೊಂಡು ನಿಲ್ಲುವ ಚಾಳಿ ಅವನಿಗಿದೆ. ಅಂಥವನ್ನು ನಾನು ಕೆಂಪು ಶಾಯಿಯಲ್ಲಿ ಗುರುತಿಸಿದ್ದೇನೆ. ಕೆಂಪಿಗಿಂತ ನೀಲಿ ಜಾಸ್ತಿ. ನೆಲ ಡೊಂಕಾಗಿಯೇ ಇತ್ತು ಮೈದುನ. ಬೇಕಿದ್ದರೆ ಬಂದು ನೋಟ್‌ಬುಕ್ ನೋಡು.

ಆರಿಸುವುದೇ ಬರುವುದಿಲ್ಲ ಅನ್ನುವ ಮಾತಿಗೆ ಇನ್ನೊಂದು ಉತ್ತರ. 2023ರಲ್ಲಿ ನಮ್ಮ ಕೈಯಲ್ಲಿದ್ದ ಮೊದಲ ಸರದಿಯನ್ನು ಕ್ಯಾರೊಲಿನಾಗೆ ಕೊಟ್ಟು ರಿಸೀವರ್ ಡಿಜೆ ಮೂರ್‌ನನ್ನು ಮತ್ತು ನಾಲ್ಕು ಸರದಿಗಳನ್ನು ಪಡೆದೆವು. ಆ ತಂಡ ಆ ವರ್ಷ 2 ಗೆದ್ದು 15 ಸೋತದ್ದರಿಂದ ಅವರು ಕೊಟ್ಟ ಮುಂದಿನ ವರ್ಷದ ಸರದಿಯೇ ಮೊದಲನೆಯದಾಯಿತು. ಕೇಲಬ್ ಬಂದದ್ದು ಹಾಗೆ. ಆ ಲೆಕ್ಕದ ಕೊನೆಯ ಕಂತು, 39ನೇ ಸರದಿ, ಈ ಏಪ್ರಿಲ್‌ನಲ್ಲಿ ಕೈಸೇರಿ ರಿಸೀವರ್ ಲೂಥರ್ ಬರ್ಡನ್ ಬಂದ. ನಿಮ್ಮವರು ಈ ಮೂವತ್ತು ವರ್ಷಗಳಲ್ಲಿ ಇಂಥ ವ್ಯಾಪಾರ ಮಾಡಿದ್ದರೆ ತೋರಿಸಲಿ.

ಈ ಸಲದ ಡ್ರಾಫ್ಟ್ ನಡೆದದ್ದು ಗ್ರೀನ್ ಬೇಯಲ್ಲೇ. ಮೈದುನ ಮೂರೂ ದಿನ ಅಲ್ಲಿದ್ದ. 2002ರ ನಂತರ ಮೊದಲ ಬಾರಿಗೆ ಮೊದಲ ಸುತ್ತಿನಲ್ಲಿ ಪ್ಯಾಕರ್ಸ್ ಒಬ್ಬ ವೈಡ್ ರಿಸೀವರನ್ನು, ಮ್ಯಾಥ್ಯೂ ಗೋಲ್ಡನ್‌ನನ್ನು, ಕರೆದಾಗ ಅತ್ತೇಬಿಟ್ಟನಂತೆ. ಅತ್ತದ್ದಕ್ಕೆ ನಾನು ನಗುವುದಿಲ್ಲ. ನಮ್ಮವರು ಹತ್ತನೇ ಸರದಿಯಲ್ಲಿ ಕೋಲ್ಸ್ಟನ್ ಲವ್‌ಲ್ಯಾಂಡ್ ಎಂಬ ಟೈಟ್ ಎಂಡ್‌ನನ್ನು (ಎದುರಾಳಿಯನ್ನು ತಡೆಯುವ, ಚೆಂಡನ್ನೂ ಹಿಡಿಯುವ ಆಟಗಾರ) ತಂದಾಗ ‘ಗೋಡೆ ಕಟ್ಟೋದು ಬಿಟ್ಟು ಕಿಟಕಿ ತಂದರು’ ಅಂತ ಅವನು ಸಂದೇಶ ಕಳಿಸಿದ. ಮಾತು ಚೆನ್ನಾಗಿದೆ, ಒಪ್ಪಿದೆ. ಆದರೆ ಗೋಡೆಯನ್ನು ಡ್ರಾಫ್ಟ್‌ಗೆ ಮುಂಚೆಯೇ ಕಟ್ಟಿ ಆಗಿತ್ತು: ಕ್ಯಾನ್ಸಸ್ ಸಿಟಿಯಿಂದ ಜೋ ಥೂನಿ, ಲಾಸ್ ಏಂಜಲಿಸ್‌ನಿಂದ ಜೋನಾ ಜಾಕ್ಸನ್, ಅಟ್ಲಾಂಟಾದಿಂದ ಡ್ರೂ ಡಾಲ್ಮನ್. ನಡುವಿನ ಮೂವರೂ ಹೊಸಬರು. ಜೊತೆಗೆ ಹೊಸ ಹೆಡ್ ಕೋಚ್ ಬೆನ್ ಜಾನ್ಸನ್, ಡೆಟ್ರಾಯಿಟ್‌ನ ಅಫೆನ್ಸ್ ನಡೆಸುತ್ತಿದ್ದವರು. ಕೇಲಬ್‌ಗೆ ಇವರು ಮೂರನೇ ಹೆಡ್ ಕೋಚ್, ಎರಡನೇ ವರ್ಷಕ್ಕೇ. ಇದೇ ಕೊನೆಯಾಗಲಿ ಅಂತ ನಾನು ದೇವರಲ್ಲಿ ಕೇಳಿಕೊಂಡಿದ್ದೇನೆ, ಆಡಳಿತ ಮಂಡಳಿಯಲ್ಲಿ ಕೇಳಿಕೊಂಡರೆ ಪ್ರಯೋಜನವಿಲ್ಲ.

ಮೈದುನ ತನ್ನ ಪತ್ರದಲ್ಲಿ ಈ ಜನವರಿ 5ರ ವಿಷಯ ಎತ್ತಿಲ್ಲ. ಗ್ರೀನ್ ಬೇಯಲ್ಲಿ, ಅವರದೇ ಲ್ಯಾಂಬೋ ಫೀಲ್ಡ್‌ನಲ್ಲಿ, ಕೊನೆಯ ಗಳಿಗೆಯಲ್ಲಿ ಚೆಂಡನ್ನು ಕಂಬಗಳ ನಡುವೆ ಒದ್ದು ಗಳಿಸಿದ ಫೀಲ್ಡ್ ಗೋಲ್‌ನಿಂದ ಬೇರ್ಸ್ 24-22ರಲ್ಲಿ ಗೆದ್ದರು. ಅದಕ್ಕೂ ಮುಂಚೆ ನಾವು ಅವರೆದುರು ಸತತ ಹನ್ನೊಂದು ಸೋತಿದ್ದೆವು, ಅದನ್ನು ಅವನು ಬರೆದಿದ್ದಾನೆ. ಹನ್ನೆರಡನೆಯದನ್ನು ಬರೆಯಲು ಬಹುಶಃ ಜಾಗ ಸಾಲಲಿಲ್ಲ.

ಹೊಸ ವೇಳಾಪಟ್ಟಿ ಈ ತಿಂಗಳು ಹೊರಬೀಳುತ್ತದೆ. ಪ್ಯಾಕರ್ಸ್ ಸೋಲ್ಜರ್ ಫೀಲ್ಡ್‌ಗೆ ಬರುವ ದಿನ ನಾನು ಪಾಳಿಗೆ ರಜೆ ಹಾಕುವವಳೇ. ಹೊಸ ನೋಟ್‌ಬುಕ್ ತಂದಾಗಿದೆ. ಮೈದುನನೂ ಬರಲಿ, ಊಟ ನಮ್ಮ ಮನೆಯಲ್ಲೇ. ಪ್ಯಾಕರ್ಸ್ ಅಭಿಮಾನಿಗಳು ತೊಡುವ ಆ ಹಳದಿ ಚೀಸ್ ಟೋಪಿಯನ್ನು ಮಾತ್ರ ಕಾರಿನಲ್ಲೇ ಬಿಟ್ಟು ಒಳಗೆ ಬರಬೇಕು.

ಇತಿ,
ಬೇರ್ಸ್ ಅಭಿಮಾನಿ ಅತ್ತಿಗೆ
ನೇಪರ್‌ವಿಲ್, ಇಲಿನಾಯ್
ಮೇ 2025